ಟೈರ್ ಅಂಗಡಿಯಲ್ಲಿ ಗಾಯಗೊಂಡ ಹೊಸ ವೀಲ್: ಟಚಪ್, ರಿಫಿನಿಶಿಂಗ್, ಬದಲಿ ವೀಲ್ ಮೂರನ್ನೂ ಮಾಡಿಸಿ ನೋಡಿದೆ

ಹೊಸ ಅಲಾಯ್ ವೀಲ್‌ಗಳಿಗೆ ಟೈರ್ ಹಾಕಿ ಕಾರಿಗೆ ಕೂರಿಸಿ ಎಂದು ಅಂಗಡಿಗೆ ಕೊಟ್ಟಿದ್ದೆ. ಗಂಟೆ ಬಿಟ್ಟು ಹೋಗಿ ನೋಡಿದರೆ ನಾಲ್ಕರಲ್ಲಿ ಮೂರು ಹಾಳಾಗಿದ್ದವು. ಒಂದರ ಅಂಚಿನಲ್ಲಿ ಲಿವರ್ ಜಾರಿ ಉಗುರಗಲದ ಕಚ್ಚು. ಇನ್ನೊಂದರ ಅಂಚಿನ ಸುತ್ತ ನಾಲ್ಕು ಕಡೆ ಒಂದೇ ಥರದ ತರಚು. ಮೂರನೆಯದರಲ್ಲಿ ನಟ್ ತೂತಿನ ಒಳಗೋಡೆಯ ಬಣ್ಣ ನಟ್ ಬಿಗಿಯುವ ಗನ್ನಿನ ಸಾಕೆಟ್ ಉಜ್ಜಿ ಎದ್ದುಹೋಗಿತ್ತು. ಹೊಟ್ಟೆ ಉರಿಯಿತು.

"ಬರುವಾಗಲೇ ಹಾಗಿತ್ತೇನೋ ಸಾರ್, ಪ್ಯಾಕಿಂಗ್‌ನಲ್ಲಿ ಆಗಿರುತ್ತೆ" ಎಂದರು ಮಾಲೀಕರು. ನನ್ನ ಹತ್ತಿರ ಮೊದಲೇ ತೆಗೆದ ಫೋಟೋ ಇರಲಿಲ್ಲ. ಕೈ ಹಿಡಿದದ್ದು ಆ ನಾಲ್ಕು ತರಚುಗಳು. ಒಂದಕ್ಕೊಂದು ಸರಿಯಾಗಿ ಕಾಲು ಸುತ್ತಿನ ದೂರದಲ್ಲಿದ್ದವು. ಟೈರ್ ಬಿಚ್ಚುವ ಯಂತ್ರದ ಮೇಜಿಗೂ ವೀಲನ್ನು ಕಚ್ಚಿ ಹಿಡಿಯುವ ನಾಲ್ಕೇ ಹಿಡಿಗಳು. ಆ ವೀಲನ್ನು ಮುಖ ಕೆಳಗೆ ಮಾಡಿ ಮತ್ತೆ ಮೇಜಿನ ಮೇಲಿಡಿ ಎಂದೆ. ಇಟ್ಟು ಸ್ವಲ್ಪ ತಿರುಗಿಸಿದರು, ನಾಲ್ಕೂ ಗುರುತು ನಾಲ್ಕು ಹಿಡಿಗಳ ಮೇಲೆ ಕೂತವು. ಹಿಡಿಗಳಿಗೆ ಇರಬೇಕಾದ ಪ್ಲಾಸ್ಟಿಕ್ ಕವಚ ಒಂದಕ್ಕೂ ಇರಲಿಲ್ಲ. ಮಾಲೀಕರು ಅದನ್ನು ಬೆರಳಿಂದ ಮುಟ್ಟಿ ನೋಡಿದರು. ಆಮೇಲೆ ಮಾತು ಬದಲಾಯಿತು. ರಸ್ತೆಯಂಚಿಗೆ ಉಜ್ಜಿದ ಗಾಯ ಇಷ್ಟು ಲೆಕ್ಕದಲ್ಲಿ ಬೀಳುವುದಿಲ್ಲ, ಒಂದೇ ಕಡೆ ಉದ್ದಕ್ಕೆ ಒರಟಾಗಿ ಎಳೆದಿರುತ್ತದೆ.

ಮೊದಲು ಅವರು ಕೊಟ್ಟದ್ದು ಟಚಪ್. ಅರ್ಧ ಗಂಟೆ, ಅಲ್ಲೇ, ಬಿಟ್ಟಿ. ಕಚ್ಚಿಗೆ ಪುಟ್ಟಿ ತುಂಬಿ, ಸ್ಯಾಂಡ್ ಪೇಪರ್ ಹೊಡೆದು, ಸಿಲ್ವರ್ ಬಣ್ಣ, ಮೇಲೆ ಲ್ಯಾಕರ್ ಎಂಬ ಪಾರದರ್ಶಕ ಪದರ. ನಿಂತು ನೋಡಿದರೆ ಗೊತ್ತಾಗುತ್ತಿರಲಿಲ್ಲ. ಕೂತು ನೋಡಿದರೆ ಮಂಕು ಮಚ್ಚೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಮಚ್ಚೆಯ ಅಂಚಿನಿಂದ ಲ್ಯಾಕರ್ ಕೆಳಗೆ ಬಿಳಿ ದಾರದಂಥ ಗೆರೆಗಳು ಹರಿದವು. ಹಳೆಯ ಲ್ಯಾಕರಿಗೂ ಹೊಸದಕ್ಕೂ ನಡುವೆ ನೀರು ಇಳಿದರೆ ಅಲ್ಯೂಮಿನಿಯಂ ಹೀಗೆ ಒಳಗೊಳಗೇ ತಿನ್ನಿಸಿಕೊಳ್ಳುತ್ತದೆ. ನಟ್ ತೂತಿನ ಒಳಗೋಡೆಗೆ ಮಾತ್ರ ಟಚಪ್ ಸಾಕಾಯಿತು, ಇವತ್ತಿಗೂ ಚೆನ್ನಾಗಿದೆ. ಆದರೆ ನಟ್ ಒತ್ತಿ ಕೂರುವ ಇಳಿಜಾರಿಗೆ ಬಣ್ಣ ತಾಗದಂತೆ ನಾನೇ ಪಕ್ಕದಲ್ಲಿ ನಿಂತು ಟೇಪ್ ಹಾಕಿಸಿದೆ. ಅಲ್ಲಿ ಬಣ್ಣದ ಪದರ ಇದ್ದರೆ ಅದು ನಜ್ಜಿದ ಹಾಗೆಲ್ಲ ನಟ್ಟಿನ ಬಿಗಿ ಸಡಿಲವಾಗುತ್ತದೆ. ಅಂದಕ್ಕಿಂತ ಅದು ಮುಖ್ಯ.

ನಾಲ್ಕು ತರಚಿನ ವೀಲ್ ರಿಫಿನಿಶಿಂಗ್‌ಗೆ ಹೋಯಿತು, ಖರ್ಚು ಅಂಗಡಿಯದು. ನನ್ನವು ಡೈಮಂಡ್ ಕಟ್ ವೀಲ್‌ಗಳು, ಅಂದರೆ ಮುಖವನ್ನು ಲೇತ್‌ನಲ್ಲಿ ಕಡೆದು, ಆ ಹೊಳಪಿನ ಮೇಲೆ ಲ್ಯಾಕರ್ ಹೊಡೆದಿರುತ್ತಾರೆ. ಸರಿ ಮಾಡಬೇಕೆಂದರೆ ಮತ್ತೆ ಕಡೆಯಲೇಬೇಕು. ಪ್ರತಿ ಸಲವೂ ಲೋಹ ಸ್ವಲ್ಪ ಸವೆಯುವುದರಿಂದ ಒಂದು ವೀಲಿಗೆ ಇದನ್ನು ಕೆಲವೇ ಸಲ ಮಾಡಿಸಬಹುದು. ಆ ಕೆಲವು ಸಲಗಳಲ್ಲಿ ಒಂದು, ವೀಲ್ ರಸ್ತೆ ಕಾಣುವ ಮೊದಲೇ ಖರ್ಚಾಯಿತಲ್ಲ ಎಂಬ ಬೇಸರ ನನಗೆ ಈಗಲೂ ಇದೆ. ಹತ್ತು ದಿನ ಹಿಡಿಯಿತು. ಕೆಲಸ ನಿಜಕ್ಕೂ ಅಚ್ಚುಕಟ್ಟು. ಓರೆ ಬಿಸಿಲಿನಲ್ಲಿ ಪಕ್ಕದ ವೀಲಿಗೆ ಹೋಲಿಸಿದರೆ ಮಾತ್ರ ಲೇತ್ ಎಳೆದ ಸಣ್ಣ ಗೆರೆಗಳ ಅಂತರ ಬೇರೆ ಕಾಣುತ್ತದೆ. ಬಣ್ಣ ಹೊಡೆದ ಮಾಮೂಲಿ ವೀಲ್ ಆಗಿದ್ದರೆ ನಾನು ಕಣ್ಣುಮುಚ್ಚಿ ಇದನ್ನೇ ಆರಿಸುತ್ತಿದ್ದೆ, ಅಲ್ಲಿ ಕಡೆಯುವ ಪ್ರಶ್ನೆಯೇ ಇಲ್ಲ.

ಟಚಪ್ ಕೈಕೊಟ್ಟ ವೀಲಿಗೆ ಬದಲಿ ಕೇಳಿದೆ. ಮೊದಲ ದಿನವೇ ಬಿಲ್ಲಿನ ಹಿಂದೆ ಯಾವ ವೀಲಿಗೆ ಏನಾಯಿತು, ರಿಪೇರಿ ನಿಲ್ಲದಿದ್ದರೆ ಹೊಸದು ಕೊಡುತ್ತೇವೆ ಎಂದು ಬರೆಸಿ ಸಹಿ ಹಾಕಿಸಿದ್ದರಿಂದ ಜಗಳವಾಗಲಿಲ್ಲ. ತರಿಸಿದ ವೀಲ್ ನೋಡಲು ತದ್ರೂಪ. ಹಿಂಭಾಗದಲ್ಲಿ ಕೊರೆದ ಅಂಕಿ ಓದಿದರೆ ಇಟಿ 38. ಇಟಿ ಅಂದರೆ ಆಫ್‌ಸೆಟ್, ವೀಲಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಎಷ್ಟು ಮಿಲಿಮೀಟರ್ ಎಂಬ ಅಳತೆ; ಅದು ಕಡಿಮೆಯಾದಷ್ಟೂ ವೀಲ್ ಹೊರಗೆ ಬರುತ್ತದೆ. ನನ್ನವು ಇಟಿ 45. ಅಷ್ಟರಿಂದಲೇ ಆ ಒಂದು ವೀಲ್ 7 ಮಿಲಿಮೀಟರ್ ಹೊರಗೆ ಚಾಚಿಕೊಳ್ಳುತ್ತಿತ್ತು. ವಾಪಸ್ ಕಳಿಸಿ ಸರಿಯಾದದ್ದು ಬರಲು ಮೂರು ವಾರ. ಕಾದದ್ದಕ್ಕೆ ಫಲ ಸಿಕ್ಕಿತು, ನಾಲ್ಕರಲ್ಲಿ ಅದು ಯಾವುದೆಂದು ಈಗ ನನಗೇ ಗುರುತು ಹತ್ತುವುದಿಲ್ಲ. ವೀಲ್‌ಗಳು ಹಳೆಯವಾಗಿದ್ದರೆ ಹೊಸದೊಂದು ಎದ್ದು ಕಾಣುತ್ತಿತ್ತು.

ವಿಮೆಯನ್ನೂ ವಿಚಾರಿಸಿದೆ. ನಾನು ಭರಿಸಬೇಕಾದ ಪಾಲು ಕಳೆದು, ಕ್ಲೇಮ್ ಮಾಡದಿದ್ದರೆ ಸಿಗುವ ಮುಂದಿನ ರಿಯಾಯಿತಿಯೂ ಹೋದರೆ ಏನೂ ಉಳಿಯುತ್ತಿರಲಿಲ್ಲ. ಫಿಟ್ಟಿಂಗ್ ಬಿಲ್ ಮನ್ನಾ ಮಾಡುತ್ತೇವೆ ಎಂಬ ಮಾತಿಗೂ ಒಪ್ಪಲಿಲ್ಲ, ಒಂದು ವೀಲಿನ ಬೆಲೆಯ ಮುಂದೆ ಅದು ಯಾವ ಮೂಲೆಗೆ?

ಬದಲಿ ವೀಲಿಗೆ ಟೈರ್ ಹಾಕಿಸಲು ಅದೇ ಅಂಗಡಿಗೇ ಹೋದೆ. ಯಂತ್ರದ ನಾಲ್ಕು ಹಿಡಿಗಳಿಗೂ ಕೆಂಪು ಪ್ಲಾಸ್ಟಿಕ್ ಕವಚ ಬಂದಿತ್ತು. ಹುಡುಗ ವೀಲ್ ಮೇಜಿಗೇರಿಸುವ ಮೊದಲು ಅಂಚಿನ ಸುತ್ತ ಫೋಟೋ ತೆಗೆದುಕೊಂಡೆ, ಯಾರೂ ಬೇಡ ಎನ್ನಲಿಲ್ಲ.