ಮಳೆಗಾಲದ ದಾಸ್ತಾನು: ಪೆಟ್ರೋಲ್ ಜನರೇಟರೋ, ಬ್ಯಾಟರಿ ಇನ್ವರ್ಟರೋ?

ನನ್ನ ಒಲವು ಇನ್ವರ್ಟರಿನ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 48,000 ರೂಪಾಯಿ ತೆತ್ತು ಜನರೇಟರ್ ತಂದು, ಎರಡು ಮಳೆಗಾಲ ಅದರೊಡನೆ ಹೆಣಗಿ, ಕೊನೆಗೆ 24,000ಕ್ಕೆ 150 ಎ.ಎಚ್. (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಮತ್ತು ಇನ್ವರ್ಟರ್ ಕೊಂಡವನ ಒಲವು ಇದು.

ಚಂಡಮಾರುತಕ್ಕೆ ಸಿದ್ಧರಾಗುವವರು ಕೆಲವು ದಿನಗಳ ಲೆಕ್ಕ ಹಾಕುತ್ತಾರೆ. ಕೊಡಗಿನ ಕಕ್ಕಬ್ಬೆ ಕಡೆಯ ನಮಗಾದರೋ ಜೂನಿನ ಆರಿದ್ರಾ ಮಳೆ ಹಿಡಿಯುವ ಮೊದಲು ಕೂಡಿಸಿಟ್ಟದ್ದು ಕಕ್ಕಡ ತಿಂಗಳು ಕಳೆದು ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬ ಹತ್ತಿರವಾಗುವವರೆಗೂ ಒದಗಬೇಕು. ಭಾಗಮಂಡಲದಲ್ಲಿ ಕಾವೇರಿ ಉಕ್ಕಿದರೆ ನಾಪೋಕ್ಲಿನ ರಸ್ತೆ ಮುಳುಗುತ್ತದೆ. ತೋಟದ ಸಿಲ್ವರ್ ಓಕ್ ಮರವೊಂದು ತಂತಿಯ ಮೇಲೆ ಬಿದ್ದರೆ ನಾಲ್ಕೈದು ದಿನ ಕರೆಂಟಿನ ಮಾತಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಸುತ್ತ ಗುಡ್ಡಗಳು ಜರಿದುದನ್ನು ಕಂಡ ಮೇಲೆ, ಬೇಕಾದಾಗ ಪೇಟೆಗೆ ಹೋಗಿ ತಂದರಾಯಿತು ಎಂಬ ಧೈರ್ಯ ನನ್ನಲ್ಲಿ ಉಳಿದಿಲ್ಲ. ಜನರೇಟರ್ ಕೊಂಡದ್ದೂ ಆ ಭಯದಿಂದಲೇ.

ಅದರ ತೊಡಕು ಯಂತ್ರದಲ್ಲಿರಲಿಲ್ಲ, ಪೆಟ್ರೋಲಿನಲ್ಲಿತ್ತು. ಮೇ ತಿಂಗಳಲ್ಲಿ ಇಪ್ಪತ್ತು ಲೀಟರಿನ ಕ್ಯಾನಿನಲ್ಲಿ ತಂದು ಸೌದೆ ಕೊಟ್ಟಿಗೆಯ ಮೂಲೆಯಲ್ಲಿಟ್ಟಿದ್ದೆ. ಜೂನಿನಲ್ಲಿ ಅರ್ಧ ಮುಗಿದಿತ್ತು. ಕಳೆದ ಆಗಸ್ಟಿನಲ್ಲಿ ಕರೆಂಟು ಹೋದ ಎರಡನೆಯ ರಾತ್ರಿ ಹಗ್ಗ ಎಳೆದಾಗ ಯಂತ್ರ ಹೊತ್ತಿಕೊಂಡಿತಾದರೂ, ಏದುಸಿರು ಬಿಡುವವನಂತೆ ಒಮ್ಮೆ ಏರಿ ಒಮ್ಮೆ ಇಳಿದು ನಿಂತುಹೋಯಿತು. ಮತ್ತೆ ಮತ್ತೆ ಎಳೆದು ರಟ್ಟೆ ಸೋತ ಮೇಲೆ, ಹೆಂಡತಿ ಟಾರ್ಚ್ ಹಿಡಿದು ನಿಂತಿರಲು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಬಿಚ್ಚಿದೆ. ತಳದಲ್ಲಿ ಮಜ್ಜಿಗೆ ತಿಳಿಯಂಥ ಮಸುಕು ದ್ರವ ನಿಂತಿತ್ತು, ಪೆಟ್ರೋಲ್ ಅದರ ಮೇಲಿತ್ತು. ಪೆಟ್ರೋಲ್ ಹಾಯುವ ಹಿತ್ತಾಳೆಯ ಜೆಟ್ಟಿನ ಸೂಜಿಮೊನೆಯಷ್ಟು ಸಣ್ಣ ತೂತನ್ನು ಹಸಿರುಬಿಳಿ ಪಾಚಿಯಂಥದ್ದು ಮುಚ್ಚಿತ್ತು.

ಕಾರಣ ಸರಳವಾದುದು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಮತ್ತು ಗೋಡೆಗೆ ಒರಗಿಸಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಮಳೆಗಾಲದಲ್ಲಿ ತೇವಕ್ಕೇನು ಬರ? ಅರ್ಧ ಖಾಲಿಯಾದ ಕ್ಯಾನು ಪ್ರತಿ ಸಲ ಮುಚ್ಚಳ ತೆರೆದಾಗಲೂ ಆ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಹೀರಿದ ನೀರು ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಎಂಜಿನ್ನಿಗೆ ಇಂಧನ ಹೋಗುವ ಕೊಳವೆಯೂ ತಳದಲ್ಲಿಯೇ ಇರುತ್ತದೆ.

ಕ್ಯಾನನ್ನು ಆದಷ್ಟು ತುಂಬಿಸಿ ಬಿಗಿಯಾಗಿ ಮುಚ್ಚಿಡಬೇಕು, ನಿಲ್ಲಿಸುವಾಗ ಇಂಧನದ ನಲ್ಲಿ ಮುಚ್ಚಿ ಕಾರ್ಬ್ಯುರೇಟರ್ ಒಣಗುವವರೆಗೆ ಓಡಿಸಬೇಕು, ತಿಂಗಳಿಗೊಮ್ಮೆ ಹಳೆಯ ಪೆಟ್ರೋಲನ್ನು ವಾಹನಕ್ಕೆ ಸುರಿದು ಹೊಸದನ್ನು ತರಬೇಕು ಎಂದು ರಿಪೇರಿಯವರು ಹೇಳಿದರು. ಎಲ್ಲವೂ ಸರಿಯೇ. ಆದರೆ ತಿಂಗಳಿಗೊಮ್ಮೆ ಹೊಸದಾಗಿ ತರಬೇಕಾದುದನ್ನು ದಾಸ್ತಾನು ಎಂದು ಹೇಗೆ ಕರೆಯಲಿ? ದಾರಿ ಮುಳುಗಿದಾಗ ಬೇಕಾಗುವ ಪೆಟ್ರೋಲಿಗಾಗಿ ಅದೇ ದಾರಿಯನ್ನು ನಂಬಬೇಕು.

ಹೊಗೆಯ ಅಪಾಯದಿಂದಾಗಿ ಜಗಲಿಯಲ್ಲಿಯೂ ಇಡುವಂತಿಲ್ಲದ ಜನರೇಟರಿಗೆ ಅಂಗಳದಾಚೆ ಪ್ರತ್ಯೇಕ ಸೂರು ಕಟ್ಟಿಸಿದ್ದು ಬೇರೆ ಖರ್ಚು. ಡೀಸೆಲ್ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ, ಆದರೆ ಡೀಸೆಲ್ ಯಂತ್ರದ ಬೆಲೆಯೂ ಭಾರವೂ ನನ್ನ ಅಳವಿಗೆ ಮೀರಿದವು.

ಇನ್ವರ್ಟರಿನ ವಿಷಯದಲ್ಲಿ ನಾನು ಕಲಿತದ್ದು ಎರಡು. ಒಂದು, ಏನೂ ಉರಿಯದಿದ್ದರೂ ಅದು ತನಗಾಗಿ ಹತ್ತು ಹನ್ನೆರಡು ವಾಟ್ ತಿನ್ನುತ್ತದೆ. ಆದ್ದರಿಂದ ಮಲಗುವಾಗ ಮುಂದಿನ ಗುಂಡಿ ಒತ್ತಿ ಆರಿಸಲೇಬೇಕು. ಬ್ಯಾಟರಿಯಿಂದ ಸುಮಾರು 1,200 ವಾಟ್-ಅವರ್ ಕೈಗೆ ಸಿಗುತ್ತದೆಂದು ಹಿಡಿದರೆ, ಒಂಬತ್ತು ವಾಟಿನ ಮೂರು ಬಲ್ಬು, ಎರಡು ಮೊಬೈಲು ಮತ್ತು ವೈಫೈ ಸೇರಿ ಸಂಜೆಯ ನಾಲ್ಕೈದು ಗಂಟೆಗೆ 240 ಸಾಕು, ಅಂದರೆ ಐದು ದಿನ. ಎರಡು, ಕರೆಂಟು ಮರಳಿದಾಗ ವೋಲ್ಟೇಜ್ ತೀರ ಇಳಿದಿರುವುದರಿಂದ ವೋಲ್ಟೇಜ್ ಸರಿಯಿದ್ದರಷ್ಟೇ ಕರೆಂಟು ತೆಗೆದುಕೊಳ್ಳುವ ಯು.ಪಿ.ಎಸ್. ಮೋಡಿನಲ್ಲಿ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಹಿಂಬದಿಯ ಸ್ವಿಚ್ಚನ್ನು ಸಾಧಾರಣ ಮೋಡಿಗೆ ತಳ್ಳಬೇಕು. ಡಿಸ್ಟಿಲ್ಡ್ ವಾಟರನ್ನು ಮೇ ತಿಂಗಳಲ್ಲಿಯೇ ತುಂಬಿಸುತ್ತೇನೆ, ಅದು ಕೆಡುವುದಿಲ್ಲ.

ಫ್ರಿಜ್ ಮತ್ತು ಮೋಟಾರು ಇಷ್ಟು ಚಿಕ್ಕ ಇನ್ವರ್ಟರಿನಿಂದ ನಡೆಯುವುದಿಲ್ಲ ಎಂಬುದು ನಿಜವಾದ ಕೊರತೆಯೇ. ಆದರೆ ನಮ್ಮ ಮನೆಗೆ ನೀರು ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿಯುತ್ತದೆ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಹಿಡಿಸಿದ ಮಾಂಸವಿದೆ, ಡಬ್ಬಿಯಲ್ಲಿ ಒಣಮೀನಿದೆ, ಮರಳಿನಲ್ಲಿ ಹಲಸಿನ ಬೀಜವಿದೆ. ಮನೆಯಲ್ಲಿರುವುದು ಇಬ್ಬರೇ, ಒಂಬತ್ತಕ್ಕೆ ಮಲಗುತ್ತೇವೆ. ಗ್ಯಾಸ್ ಸಿಲಿಂಡರ್ ಎರಡಿದ್ದರೆ ಸಾಲುತ್ತದೆ.

ಜನರೇಟರನ್ನು ಹೋಂಸ್ಟೇ ನಡೆಸುವ ನೆರೆಯವರಿಗೆ ಅರ್ಧ ಬೆಲೆಗೆ ಕೊಟ್ಟೆ. ಅತಿಥಿಗಳ ಗೀಸರಿಗೆ, ಫ್ರಿಜ್ಜಿಗೆ ಅವರು ಅದನ್ನು ದಿನವೂ ಓಡಿಸುವುದರಿಂದ ಪೆಟ್ರೋಲ್ ಕೆಡುವಷ್ಟು ಕಾಲ ಉಳಿಯುವುದೇ ಇಲ್ಲ. ಬಂದ ಹಣದಲ್ಲಿ, ಕಿತ್ತ ಹಳೆಯ ಕಾಫಿ ಗಿಡಗಳ ಬುಡಗಳನ್ನು ಸೀಳಿಸಿ ಸೌದೆ ಒಟ್ಟಿಸಿದೆ. ಸಿಲ್ವರ್ ಓಕಿನಂತೆ ಭಗ್ಗನೆ ಉರಿದು ಮುಗಿಯದೆ, ಒಂದು ಬುಡ ಹಂಡೆ ನೀರನ್ನು ಕಾಯಿಸಿ, ಮಿಕ್ಕ ಕೆಂಡದಲ್ಲಿ ಒದ್ದೆ ಬಟ್ಟೆಯನ್ನೂ ಒಣಗಿಸಿಕೊಡುತ್ತದೆ.