ಹೆಳವರ ಪುಸ್ತಕವೋ, ಹಳೇ ಉತಾರವೋ? ಮನೆತನ ಹುಡುಕಿದ ನಾಲ್ಕು ದಾರಿಗಳು

ನಮ್ಮ ಮುತ್ತಜ್ಜನ ಅವ್ವನ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದರೆ, "ಆಕೀಗೆ ಎಲ್ಲಾರೂ ಆಯಿ ಅಂತಿದ್ರಂತ. ಹೆಸರು ಯಾರು ಕೇಳ್ಯಾರ?" ಎಂದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು, ಹೊಲ ಕೈಬಿಡದೆ ಮಗನನ್ನು ಬೆಳೆಸಿದವಳು ಅನ್ನುವುದಷ್ಟೇ ಗೊತ್ತು. ನಾವು ಇವತ್ತಿಗೂ ಉಣ್ಣುವ ಜೋಳ ಅವಳು ಉಳಿಸಿಕೊಂಡ ಹೊಲದ್ದು. ಅಂಥವಳ ಹೆಸರೇ ಗೊತ್ತಿಲ್ಲವಲ್ಲ ಎಂಬ ಸಂಕಟ ನನ್ನನ್ನು ಬಿಡಲಿಲ್ಲ.

ಎರಡು ವರ್ಷ ಹುಡುಕಿದೆ. ಹೆಳವರ ಪುಸ್ತಕ, ಹೊಲದ ಕಾಗದ, ಶಾಲೆಯ ರಿಜಿಸ್ಟರ್, ಕೊನೆಗೆ ಡಿಎನ್‌ಎ ಪರೀಕ್ಷೆ. ಹೀಗೆ ನಾಲ್ಕು ದಾರಿ ಹಿಡಿದೆ. ಯಾವುದರಿಂದ ಏನು ಸಿಕ್ಕಿತು, ಯಾವುದು ಎಲ್ಲಿ ಕೈಕೊಟ್ಟಿತು ಎಂದು ಹೇಳುತ್ತೇನೆ. ನಮ್ಮ ಹಳ್ಳಿ ಈಗ ಹಾವೇರಿ ಜಿಲ್ಲೆ. 1997ರ ತನಕ ಧಾರವಾಡ ಜಿಲ್ಲೆ. 1956ರ ತನಕ ಮುಂಬೈ ಸರಕಾರದ ಕೈಯಲ್ಲಿತ್ತು. ನಿಮ್ಮ ಊರಿನ ಬಗ್ಗೆಯೂ ಮೊದಲು ಇಷ್ಟು ತಿಳಿದುಕೊಳ್ಳಿ. ಕಾಗದ ಯಾವ ಕಚೇರಿಯಲ್ಲಿದೆ, ಯಾವ ಲಿಪಿಯಲ್ಲಿದೆ ಎನ್ನುವುದು ಅದರ ಮೇಲೇ ನಿಂತಿದೆ. ನಮ್ಮ ಕಡೆ ಹಳೇ ಕಾಗದ ಮೋಡಿಯಲ್ಲಿ, ಅಂದರೆ ಮರಾಠಿ ಬರೆಯುತ್ತಿದ್ದ ಹಳೇ ಕೂಡುಬರಹದ ಲಿಪಿಯಲ್ಲಿ, ಇರಬಹುದು. ಕಲಬುರಗಿ, ಬೀದರ್, ರಾಯಚೂರು ಕಡೆ ನಿಜಾಮರ ಕಾಲದ್ದು ಉರ್ದುವಿನಲ್ಲಿರುತ್ತದೆ. ಹಳೇ ಮೈಸೂರಿನವರಿಗೆ ಈ ಕಷ್ಟ ಕಡಿಮೆ.

ಮೊದಲು ಹೆಳವರು. ಉತ್ತರ ಕರ್ನಾಟಕದವರಿಗೆ ಇವರ ಪರಿಚಯ ಹೇಳಬೇಕಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು: ಮನೆಮನೆಗೆ ಬಂದು ಆ ಮನೆತನದ ವಂಶಾವಳಿ ಓದಿ ಹೇಳುವವರು ಇವರು. ಹೆಳವ ಎಂದರೆ ಕಾಲಿಲ್ಲದವನು. ತಮ್ಮ ಮೂಲಪುರುಷನಿಗೆ ಬಸವಣ್ಣ ಎತ್ತು ಕೊಟ್ಟು ಕೂರಿಸಿದ ಎಂದು ಅವರು ಹೇಳುತ್ತಾರೆ. ಯಾವ ಹೆಳವರ ಮನೆಗೆ ಯಾವ ಊರು, ಯಾವ ಮನೆತನ ಎಂಬುದು ತಲೆತಲಾಂತರದಿಂದ ಹಂಚಿಹೋಗಿದೆ. ಹಾಗಾಗಿ ಯಾರೋ ಒಬ್ಬ ಹೆಳವನನ್ನು ಹಿಡಿದರೆ ಆಗಲಿಲ್ಲ, ನಿಮ್ಮ ಮನೆಯ ಹೆಳವನೇ ಸಿಗಬೇಕು.

ನಮ್ಮವನು ಸುಗ್ಗಿ ಮುಗಿದ ಮೇಲೆ ಬಂದ. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದನಂತೆ, ಇವನು ಬೈಕಿನ ಮೇಲೆ. ಕಟ್ಟೆಯ ಮೇಲೆ ಕೂತು, ಕೆಂಪು ಬಟ್ಟೆಯ ಗಂಟು ಬಿಚ್ಚಿ, ದಪ್ಪ ಪುಸ್ತಕ ತೆಗೆದು, ಒಂದು ಬೆರಳು ಸಾಲಿನ ಕೆಳಗಿಟ್ಟು ರಾಗವಾಗಿ ಓದತೊಡಗಿದ. ಯಾರ ಹೊಟ್ಟೆಯಲ್ಲಿ ಎಷ್ಟು ಮಂದಿ, ಯಾರು ಯಾವ ಊರಿಗೆ ದತ್ತು ಹೋದರು, ನಮ್ಮ ಬೆಡಗು (ಕುಲದೊಳಗಿನ ಬಳಿ) ಯಾವುದು, ಮೂಲ ಊರು ಯಾವುದು. ಕೊನೆಗೆ ಅಪ್ಪನ ಹೆಸರು, ನನ್ನ ಹೆಸರು ಬಂದಾಗ ನಿಜಕ್ಕೂ ಮೈ ಜುಮ್ಮೆಂದಿತು. ಏಳು ತಲೆಮಾರು ಅರ್ಧ ತಾಸಿನಲ್ಲಿ! ಬೇರೆ ಯಾವ ದಾರಿಯೂ ಇಷ್ಟು ದೂರ, ಇಷ್ಟು ಬೇಗ ಕರಕೊಂಡು ಹೋಗಲಿಲ್ಲ. ನಾವು ಕೊಟ್ಟಿದ್ದು ಒಂದು ಚೀಲ ಜೋಳ, ಒಂದು ಧೋತರ, ಮೇಲೆ ಸ್ವಲ್ಪ ರೊಕ್ಕ.

"ಈಶ್ವರ ಸಂವತ್ಸರದ ಬರದಾಗ ಮಲಪ್ರಭಾ ದಂಡೀ ಬಿಟ್ಟು ಇತ್ತ ಬಂದಾರ ನಿಮ್ಮ ಹಿರೇರು" ಎಂದ. ಇಂಥ ಮಾತು ಯಾವ ಸರಕಾರಿ ಕಾಗದದಲ್ಲೂ ಸಿಗುವುದಿಲ್ಲ. ಆದರೆ ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ? ಈಶ್ವರ ಎಂದರೆ 1817 ಇರಬಹುದು, 1877 ಇರಬಹುದು, 1937 ಕೂಡ ಇರಬಹುದು. ಬರ ಎಂದಿದ್ದರಿಂದ 1877 ಹಿಡಿದೆ. 1876ರ ಧಾತು, 1877ರ ಈಶ್ವರ, ಇವೆರಡೂ ನಮ್ಮ ಕಡೆ ಜನ ಊರು ಬಿಟ್ಟ ವರ್ಷಗಳು. ತಲೆಮಾರು ಎಣಿಸಿದರೂ ಅದಕ್ಕೇ ಹೊಂದುತ್ತಿತ್ತು.

ಆಯಿಯ ಹೆಸರು ಕೇಳಿದೆ. ಅವನು ಎರಡು ಹಾಳೆ ತಿರುವಿ ನೋಡಿದ. "ಸೊಸ್ತೇರ ಹೆಸರು ನಮ್ಮ ಹಿರೇರು ಬರದಿಲ್ಲರೀ ಯಜಮಾನ್ರ" ಎಂದು ಅಪ್ಪನ ಮುಖ ನೋಡಿದ. ಏಳು ತಲೆಮಾರಿನಲ್ಲಿ ಒಬ್ಬ ಸೊಸೆಯ ಹೆಸರೂ ಇರಲಿಲ್ಲ.

ಹಾಗಾಗಿ ಹೊಲದ ಕಾಗದದ ಬೆನ್ನು ಹತ್ತಿದೆ. ಪಹಣಿಗೆ ನಾವು ಉತಾರ ಅನ್ನುತ್ತೇವೆ. ಈಗಿನ ಉತಾರದ 9ನೇ ಕಾಲಂನಲ್ಲಿ ಖಾತೆದಾರರ ಹೆಸರಿರುತ್ತದೆ. 10ನೇ ಕಾಲಂನಲ್ಲಿ ಹೊಲ ಅವರಿಗೆ ಹೇಗೆ ಬಂತು ಎಂಬುದೂ ಮ್ಯುಟೇಷನ್, ಅಂದರೆ ಹಕ್ಕು ಬದಲಾದ ನಮೂದಿನ, ನಂಬರೂ ಇರುತ್ತದೆ. ಆ ನಂಬರೇ ಬೀಗದ ಕೈ. ಅದನ್ನು ಹಿಡಿದು ಒಂದು ನಮೂದಿನಿಂದ ಅದರ ಹಿಂದಿನದಕ್ಕೆ, ಅಲ್ಲಿಂದ ಮತ್ತೂ ಹಿಂದಕ್ಕೆ ಇಳಿಯುತ್ತಾ ಹೋಗಬೇಕು. ಉತಾರವನ್ನು ಕಂಪ್ಯೂಟರಿಗೆ ತಂದ ಸರಕಾರದ 'ಭೂಮಿ' ತಂತ್ರಾಂಶ ಬಂದಿದ್ದು 2000ದ ಸುಮಾರಿಗೆ. ಅದಕ್ಕೂ ಹಿಂದಿನದು ಕೈಬರಹ, ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿರುತ್ತದೆ. ಮುಂಬೈ ಪ್ರಾಂತದಲ್ಲಿ ಹಕ್ಕು ದಾಖಲೆಯ ಕಾಯ್ದೆ ಬಂದಿದ್ದೇ 1903ರಲ್ಲಿ. ಆದ್ದರಿಂದ ಈ ಸರಪಳಿ ಅದಕ್ಕಿಂತ ಹಿಂದೆ ಹೋಗುವುದಿಲ್ಲ. ಅದರ ಹಿಂದೆ ಏನಿದ್ದರೂ ಸರ್ವೆ ಕಾಗದ, ಇಲ್ಲವೇ ಮನೆಯ ಪೆಟ್ಟಿಗೆಯಲ್ಲಿರುವ ಖರೀದಿ ಪತ್ರ.

ಈ ದಾರಿ ನಿಧಾನ. ಒಂದು ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಿದೆ. ತಿಂಗಳಾದ ಮೇಲೆ "ದಾಖಲೆ ಲಭ್ಯವಿಲ್ಲ" ಎಂಬ ಹಿಂಬರಹ ಬಂತು. ನಿಜವಾಗಿ ದಾಖಲೆ ಅಲ್ಲೇ ಇತ್ತು. ಈಗಿನ ಹಿಸ್ಸಾ ನಂಬರ್, ಅಂದರೆ ಪಾಲಾದ ತುಂಡಿನ ನಂಬರ್, ಬರೆದು ಕೇಳಿದ್ದೆ. ಅಣ್ಣತಮ್ಮಂದಿರು ಬೇರೆಯಾಗುವ ಮೊದಲು ಆ ಹಿಸ್ಸಾವೇ ಇರಲಿಲ್ಲ. ಮೂಲ ಸರ್ವೆ ನಂಬರ್ ಹಾಕಿ ಮತ್ತೆ ಕೇಳಿದಾಗ ಸಿಕ್ಕಿತು. ಹಿಂಬರಹ ನೋಡಿ ಕೈಚೆಲ್ಲಿದವರು ಬಹಳ ಜನ ಇದ್ದಾರೆ. ದಯವಿಟ್ಟು ಇನ್ನೊಮ್ಮೆ ಕೇಳಿ. 2024ರಿಂದ ಭೂಸುರಕ್ಷಾ ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದಾರೆ. ಪುಡಿಯಾಗುವ ಮೊದಲು ಎಲ್ಲವೂ ಸ್ಕ್ಯಾನ್ ಆದರೆ ಸಾಕು.

ಕಾಗದ ಹೆಳವನನ್ನು ಒಂದು ಕಡೆ ತಿದ್ದಿತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತಾರೆ. ಬಸಪ್ಪನ ಮಗ ಕಲ್ಲಪ್ಪ, ಕಲ್ಲಪ್ಪನ ಮಗ ಮತ್ತೆ ಬಸಪ್ಪ, ಹೀಗೆ. ಪುಸ್ತಕ ನಕಲು ಮಾಡುವಾಗ ಅಜ್ಜ ಮೊಮ್ಮಗ ಇಬ್ಬರನ್ನೂ ಒಬ್ಬನೇ ಎಂದುಕೊಂಡು ಯಾರೋ ಒಂದು ತಲೆಮಾರು ನುಂಗಿಬಿಟ್ಟಿದ್ದರು. ಉತಾರದಲ್ಲಿ ಪ್ರತಿ ಹೆಸರಿಗೂ 'ಬಿನ್' ಎಂದು ತಂದೆಯ ಹೆಸರು ಸೇರಿಸಿರುತ್ತಾರೆ. ಅದರಿಂದ ಗಂಟು ಬಿಡಿಸಿಕೊಂಡಿತು. ಇನ್ನೊಂದು ಕಡೆ ಹೆಳವನೇ ಕಾಗದವನ್ನು ತಿದ್ದಿದ. ಅಣ್ಣತಮ್ಮಂದಿರು ಇಬ್ಬರೇ ಎಂದು ಕಾಗದ ಹೇಳಿದರೆ, ಪುಸ್ತಕದಲ್ಲಿ ಮೂವರಿದ್ದರು. ದತ್ತು ಹೋದವನಿಗೆ ಇಲ್ಲಿ ಹೊಲದ ಪಾಲಿಲ್ಲ, ಪಾಲಿಲ್ಲದವನ ಹೆಸರು ಕಾಗದಕ್ಕೆ ಬೇಕಿಲ್ಲ.

ಇದೇ ಹೊಲದ ಕಾಗದದ ದೊಡ್ಡ ಕೊರತೆ. ಹೊಲ ಇಲ್ಲದವರು ಅದರೊಳಗೆ ಇಲ್ಲವೇ ಇಲ್ಲ. ನಿಮ್ಮ ಹಿರಿಯರು ಲಾವಣಿ (ಗೇಣಿ) ಮೇಲೆ ಬೇರೆಯವರ ಹೊಲ ಮಾಡುತ್ತಿದ್ದರೆ 12ನೇ ಕಾಲಂ ನೋಡಿ, ಅಲ್ಲಿ ಸಾಗುವಳಿ ಮಾಡಿದವರ ಹೆಸರಿರುತ್ತದೆ. 1974ರ ಭೂ ಸುಧಾರಣೆಯಲ್ಲಿ ಉಳುವವರು ಹಾಕಿದ 7ನೇ ನಮೂನೆಯ ಅರ್ಜಿಯ ಕಡತವನ್ನೂ ಕೇಳಿ. ಹೊಲ ಎಷ್ಟು ವರ್ಷದಿಂದ, ಯಾರ ಕಾಲದಿಂದ ಮಾಡುತ್ತಿದ್ದೇವೆ ಎಂದು ಉಳುವವರೇ ಕೊಟ್ಟ ಹೇಳಿಕೆ ಅಂಥ ಕಡತದಲ್ಲಿ ಸಿಗಬಹುದು.

ಹೆಂಗಸರ ವಿಷಯದಲ್ಲೂ ಕಾಗದ ಬಡವೇ. 1956ರ ಉತ್ತರಾಧಿಕಾರ ಕಾಯ್ದೆಗೂ ಮೊದಲಿನ ನಮೂದುಗಳಲ್ಲಿ ಹೆಣ್ಣುಮಕ್ಕಳು ಅಪರೂಪ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ನಮ್ಮ ರಾಜ್ಯದಲ್ಲಿ ಬಂದಿದ್ದು 1994ರಲ್ಲಿ, ಅದೂ ಆಗ ಇನ್ನೂ ಮದುವೆಯಾಗಿರದವರಿಗೆ. ಆದರೂ ಆಯಿ ಸಿಕ್ಕಿದ್ದು ಅಲ್ಲೇ.

ರೆಕಾರ್ಡ್ ರೂಮಿನ ಗುಮಾಸ್ತರು ಆ ದಿನ ರಿಜಿಸ್ಟರನ್ನೇ ಮೇಜಿನ ಮೇಲೆ ತೆರೆದಿಟ್ಟರು. ಹಾಳೆ ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗಿತ್ತು. ಖಾತೆದಾರ ಮಯತ, ವಾರಸ ಮಗ, ಅಜ್ಞಾನ, ಅ.ಪಾ.ಕ. ತಾಯಿ. ಅದರ ಮುಂದೆ ಅವಳ ಹೆಸರು! ಮಯತ ಎಂದರೆ ತೀರಿಕೊಂಡ. ಅಜ್ಞಾನ ಎಂದರೆ ಇನ್ನೂ ವಯಸ್ಸಿಗೆ ಬಾರದವನು. ಅ.ಪಾ.ಕ. ಎಂದರೆ ಅಜ್ಞಾನನ ಪಾಲನೆ ಮಾಡುವವರು. ಪಕ್ಕದಲ್ಲಿ ಮಸಿ ಹರಡಿದ ಒಂದು ಹೆಬ್ಬೆಟ್ಟು. ಗಂಡ ಬದುಕಿದ್ದರೆ, ಮಗ ದೊಡ್ಡವನಾಗಿದ್ದರೆ ಅವಳ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ನಾನು ಆ ಹೆಬ್ಬೆಟ್ಟಿನ ಹತ್ತಿರ ಬೆರಳು ತಂದು, ಮುಟ್ಟದೆ ಸುಮ್ನೆ ನಿಂತೆ. ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅದು ನಮ್ಮ ಮನೆಯೊಳಗಿನ ಮಾತು.

ಶಾಲೆಯ ರಿಜಿಸ್ಟರ್ ನೋಡಲು ಒಂದೇ ದಿನ ಸಾಕಾಯಿತು. ಊರಿನ ಸರಕಾರಿ ಗಂಡು ಮಕ್ಕಳ ಶಾಲೆಗೆ ನೂರು ವರ್ಷ ದಾಟಿದೆ. ಮುಖ್ಯೋಪಾಧ್ಯಾಯರು ಕಪಾಟಿನಿಂದ ಮೊದಲನೇ ರಿಜಿಸ್ಟರ್ ತೆಗೆಸಿಕೊಟ್ಟರು. ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ. ಅಲ್ಲಿ ಮುಕ್ಕಾಲು ಊರು ಜೂನ್ 1ಕ್ಕೇ ಹುಟ್ಟಿದೆ, ಮಾಸ್ತರು ಶಾಲೆಗೆ ಸೇರಿಸಿಕೊಳ್ಳುವಾಗ ಅಂದಾಜಿನಲ್ಲಿ ಬರೆದದ್ದು. ಅದರ ಪಕ್ಕದ ಹುಟ್ಟಿದ ಊರಿನ ಕಾಲಂ ಬಂಗಾರ. ಮುತ್ತಜ್ಜನ ಹೆಸರಿನ ಮುಂದೆ ನಮ್ಮ ಊರಿರಲಿಲ್ಲ, ಎಂಟು ಹರದಾರಿ ಆಚೆಯ ಇನ್ನೊಂದು ಹಳ್ಳಿ ಇತ್ತು. ಮೊದಲು ತಪ್ಪು ಎಂದುಕೊಂಡೆ. ಅವ್ವ ಕೇಳಿದ ತಕ್ಷಣ ಹೇಳಿದಳು: "ಚೊಚ್ಚಲ ಬಾಣಂತನ ತವರಮನ್ಯಾಗ ಅಲ್ಲೇನು? ಅದು ಆಕೀ ತವರು." ಹೆಳವ, ಗುಮಾಸ್ತ, ನಾನು, ಯಾರಿಗೂ ಹೊಳೆಯದೆ ಇದ್ದದ್ದು ಅವ್ವನಿಗೆ ಹೊಳೆಯಿತು.

ಡಿಎನ್‌ಎ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದಲ್ಲಿರುವ ಅತ್ತೆಯ ಮಗಳು ಎಂಜಲು ಕೊಟ್ಟು ಪರೀಕ್ಷೆ ಮಾಡಿಸಿದಳು. ದಕ್ಷಿಣ ಭಾರತಕ್ಕೆ ಬಣ್ಣ ತುಂಬಿದ ಒಂದು ನಕ್ಷೆ ಬಂತು. ದೂರದ ನೆಂಟರು ಎಂದು ಒಂದಷ್ಟು ಹೆಸರು ಬಂದವು, ಒಬ್ಬರೂ ನಮ್ಮ ಕಡೆಯವರಲ್ಲ. ನಮ್ಮವರು ಪರೀಕ್ಷೆ ಮಾಡಿಸುವುದೇ ಕಡಿಮೆ, ಹೊಂದಾಣಿಕೆ ಎಲ್ಲಿಂದ ಬರಬೇಕು? ಇನ್ನೊಂದು ತೊಡಕಿದೆ. ನಮ್ಮಲ್ಲಿ ಸೋದರಮಾವ, ಸೋದರತ್ತೆಯ ಮಗ ಎಂದು ಒಳಗೊಳಗೇ ಕೊಟ್ಟು ತರುತ್ತೇವೆ. ಹಾಗಾಗಿ ದೂರದವರೂ ಹತ್ತಿರದವರಂತೆ ಕಾಣುತ್ತಾರೆ, ಸಂಬಂಧದ ಲೆಕ್ಕ ತಪ್ಪುತ್ತದೆ. ಇಂಥ ಪರೀಕ್ಷೆ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿ 2025ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಆಗ ಕೋಟಿಗೂ ಹೆಚ್ಚು ಜನರ ಮಾಹಿತಿ ಯಾರ ಕೈ ಸೇರುತ್ತದೋ ಎಂಬ ಚಿಂತೆ ಹುಟ್ಟಿತ್ತು. ಇದು ನಿಮ್ಮೊಬ್ಬರ ಗುಟ್ಟಲ್ಲ, ಇಡೀ ಮನೆತನದ ಗುಟ್ಟು. ದತ್ತು ಹೋದವರು, ತಂದೆತಾಯಿ ಯಾರೆಂದು ಗೊತ್ತಿಲ್ಲದವರು ಇದನ್ನು ಮಾಡಿಸಲಿ. ಉಳಿದವರು ಆ ರೊಕ್ಕದಲ್ಲಿ ನಾಲ್ಕು ಸಲ ಊರಿಗೆ ಹೋಗಿ ಬರಬಹುದು.

ನನ್ನ ಮಟ್ಟಿಗೆ ಹೇಳುವುದಾದರೆ ಹೆಳವನಿಂದಲೇ ಶುರು ಮಾಡಿ. ಎಲ್ಲಿಂದ ಬಂದೆವು, ಯಾಕೆ ಬಂದೆವು ಎಂದು ಅವನೊಬ್ಬನೇ ಹೇಳಬಲ್ಲ. ಅವನ ಮಕ್ಕಳು ಈಗ ಪಟ್ಟಣದಲ್ಲಿ ಓದುತ್ತಿದ್ದಾರೆ, ಪುಸ್ತಕ ಹೊರುವವರು ಮುಂದೆ ಇರುತ್ತಾರೋ ಇಲ್ಲವೋ. ಅವನು ಓದುವಾಗ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇಸವಿಗೂ, ಯಾರು ಯಾರ ಮಗ ಎಂಬುದಕ್ಕೂ ಉತಾರವನ್ನು ನಂಬಿ. ತವರಿನ ಕಡೆ ಹುಡುಕುವವರು ಶಾಲೆಗೆ ಹೋಗಿ. ಕಾಗದ ತಂದ ಮೇಲೆ ಮನೆಯ ಹೆಂಗಸರ ಮುಂದೆ ಇಟ್ಟು ಓದಿ.

ಈ ವರ್ಷದ ಸುಗ್ಗಿಗೆ ಹೆಳವ ಮತ್ತೆ ಬಂದ. ಉತಾರದ ನಕಲು ತೋರಿಸಿ, ನುಂಗಿಹೋದ ತಲೆಮಾರನ್ನು ಬರೆಸಿದೆ. ಆಮೇಲೆ ಆಯಿಯ ಹೆಸರು, ಅವಳ ತವರೂರು ಹೇಳಿದೆ. ಅವನು ಪೆನ್ನು ಹಿಡಿದು ಒಂದು ಗಳಿಗೆ ಸುಮ್ಮನಿದ್ದ. "ಸೊಸ್ತೇರ ಹೆಸರು ಎಲ್ಲಿ ಬರೀಲಿರೀ? ಜಾಗಾನ ಇಲ್ಲಲ್ಲ" ಎಂದ. ಅಪ್ಪ ಸಾಲಿನ ಮೇಲೆ ಬೆರಳಿಟ್ಟು, ಮುತ್ತಜ್ಜನ ಹೆಸರಿನ ಮೇಲಿನ ಖಾಲಿ ಅಂಚು ತೋರಿಸಿದರು. ಅವನು ಸಣ್ಣ ಅಕ್ಷರದಲ್ಲಿ ಬರೆದುಕೊಂಡ. ಆಮೇಲೆ ಮೊದಲಿನಿಂದ ಮತ್ತೆ ರಾಗವಾಗಿ ಓದಿದ. ಅವಳ ಹೆಸರು ಬಂದಾಗ ಅವ್ವ ಮೊರದ ತುಂಬ ಜೋಳ ಹಿಡಿದು ಬಾಗಿಲಲ್ಲಿ ನಿಂತಿದ್ದಳು.