ಎಫ್‌ಸಿ ಗೋವಾದ ಎರಡನೇ ತಂಡ: ಕಾರವಾರದ ಪ್ರೇಕ್ಷಕನ ವಿಮರ್ಶೆ

ಕಾರವಾರದ ಫುಟ್‌ಬಾಲ್ ಪ್ರೇಮಿಗಳಿಗೆ ವೃತ್ತಿಪರ ಆಟವನ್ನು ಮೈದಾನದಲ್ಲೇ ಕುಳಿತು ನೋಡಬೇಕೆನ್ನಿಸಿದರೆ ಬೆಂಗಳೂರು ಐನೂರು ಕಿ.ಮೀ.ಗೂ ಹೆಚ್ಚು ದೂರ. ಮಡಗಾಂವ್ ಸುಮಾರು 70 ಕಿ.ಮೀ. ಮಾತ್ರ. ಕಾಳಿ ಸೇತುವೆ ದಾಟಿ, ಮಾಜಾಳಿಯ ಗಡಿ ಕಳೆದು, ಕಾಣಕೋಣದ ಘಟ್ಟವಿಳಿದರೆ ಫಟೋರ್ಡಾದ ನೆಹರೂ ಕ್ರೀಡಾಂಗಣ ಸಿಗುತ್ತದೆ. ಇಂಡಿಯನ್ ಸೂಪರ್ ಲೀಗ್ ಪಂದ್ಯಗಳಿದ್ದಾಗ ನಮ್ಮೂರಿನಿಂದ ಗುಂಪು ಕಟ್ಟಿಕೊಂಡು ಹೋಗುವವರು ಇದ್ದಾರೆ. ಆದರೆ ಅದೇ ಎಫ್‌ಸಿ ಗೋವಾದ ರಿಸರ್ವ್ ತಂಡವೂ, ಅಂದರೆ ಎಳೆಯರೇ ಹೆಚ್ಚಿರುವ ಎರಡನೇ ತಂಡವೂ, ಗೋವಾದ ಸಣ್ಣ ಮೈದಾನಗಳಲ್ಲಿ ಆಡುತ್ತದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಮೊದಲ ತಂಡದ ಪಂದ್ಯಗಳನ್ನೂ ಎರಡನೇ ತಂಡದ ಪಂದ್ಯಗಳನ್ನೂ ನೋಡಿದವನಾಗಿ ಹೇಳುವುದಾದರೆ, ಆಟವನ್ನು ತಿಳಿದುಕೊಳ್ಳಬೇಕು ಎನ್ನುವವರು, ಅದರಲ್ಲೂ ಮಕ್ಕಳಿಗೆ ಆಟ ಕಲಿಸುತ್ತಿರುವವರು, ಮೊದಲು ನೋಡಬೇಕಾದದ್ದು ಎರಡನೆಯದನ್ನೇ.

ಈ ತಂಡ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಎಫ್‌ಸಿ ಗೋವಾ ಸ್ಥಾಪನೆಯಾದದ್ದು 2014ರಲ್ಲಿ. ಮೊದಲ ಮೂರು ಋತುಗಳಲ್ಲಿ ಬ್ರೆಜಿಲ್‌ನ ಜೀಕೊ ತರಬೇತುದಾರರಾಗಿದ್ದರು. ಆಗ ಸೂಪರ್ ಲೀಗ್ ಎರಡು ಮೂರು ತಿಂಗಳಲ್ಲಿ ಮುಗಿದುಹೋಗುತ್ತಿತ್ತು. ಅಷ್ಟು ಚಿಕ್ಕ ಋತುವಿಗೆ ಆಟಗಾರರನ್ನು ಅಲ್ಲಿ ಇಲ್ಲಿಂದ ಕೂಡಿಹಾಕಿದರೆ ಸಾಕಾಗುತ್ತಿತ್ತು. ವರ್ಷವಿಡೀ ಹುಡುಗರನ್ನು ಸಾಕಿ ಬೆಳೆಸುವ ಅಗತ್ಯ ಯಾರಿಗೂ ಕಾಣಲಿಲ್ಲ. 2017-18ರಲ್ಲಿ ಲೀಗ್ ಹತ್ತು ತಂಡಗಳಿಗೆ ಹಿಗ್ಗಿ ಐದು ತಿಂಗಳ ಅವಧಿಗೆ ಬೆಳೆದಾಗ ಲೆಕ್ಕ ಬದಲಾಯಿತು. ಗಾಯ, ಅಮಾನತು, ದಣಿವುಗಳಿಗೆ ಬದಲಿ ಆಟಗಾರರು ಬೇಕಾದರು; ಬೆಂಚಿನಲ್ಲಿ ಕುಳಿತೇ ಕಾಲ ಕಳೆಯುವ ಎಳೆಯರಿಗೆ ನಿಜವಾದ ಪಂದ್ಯಗಳು ಬೇಕಾದವು. ಕ್ಲಬ್ಬುಗಳ ರಿಸರ್ವ್ ತಂಡಗಳಿಗೆ ದೇಶದ ಇನ್ನೊಂದು ರಾಷ್ಟ್ರೀಯ ಲೀಗಾದ ಐ-ಲೀಗ್‌ನ ಎರಡನೇ ಡಿವಿಷನ್‌ನಲ್ಲಿ ಪ್ರವೇಶ ಸಿಕ್ಕಿದ್ದು ಅದೇ ಋತುವಿನಲ್ಲಿ. ಅವು ಎಷ್ಟು ಚೆನ್ನಾಗಿ ಆಡಿದರೂ ಮೇಲಿನ ಹಂತಕ್ಕೆ ಬಡ್ತಿ ಪಡೆಯುವಂತಿರಲಿಲ್ಲ.

ಗೋವಾದ ಎರಡನೇ ತಂಡವನ್ನು ವಿಶೇಷವೆನ್ನಿಸುವುದು ಅದು ಆಡುವ ಇನ್ನೊಂದು ಲೀಗು: ಗೋವಾ ಪ್ರೊಫೆಷನಲ್ ಲೀಗ್. 2016ರಲ್ಲಿ ಡೆಂಪೊ, ಸಾಲ್ಗಾಂವ್ಕರ್ ಮತ್ತು ಸ್ಪೋರ್ಟಿಂಗ್ ಕ್ಲಬ್ ದಿ ಗೋವಾ, ರಾಷ್ಟ್ರೀಯ ಫುಟ್‌ಬಾಲಿನ ಮರುರಚನೆಯ ಯೋಜನೆಯನ್ನು ವಿರೋಧಿಸಿ ಐ-ಲೀಗಿನಿಂದ ಹೊರಬಂದವು. ದೇಶದ ಚಾಂಪಿಯನ್ನರಾಗಿದ್ದ ಹಳೆಯ ಮನೆತನಗಳು ರಾಜ್ಯದ ಲೀಗಿಗೆ ಸೀಮಿತವಾದದ್ದು ಗೋವಾದವರಿಗೆ ನೋವಿನ ಸಂಗತಿ. ಗಡಿಯ ಈಚೆ ಕುಳಿತು ರೇಡಿಯೊ, ಪತ್ರಿಕೆಗಳಲ್ಲಿ ಆ ತಂಡಗಳನ್ನು ಹಿಂಬಾಲಿಸುತ್ತ ಬೆಳೆದ ನಮ್ಮಂಥವರಿಗೂ ನೋವಾಗಿತ್ತು. ಆದರೆ ಅದರಿಂದ ರಾಜ್ಯದ ಲೀಗಿನ ತೂಕ ಹೆಚ್ಚಿತು. ಎಫ್‌ಸಿ ಗೋವಾದ ಎಳೆಯರಿಗೆ ಎದುರಾಳಿಗಳಾಗಿ ಸಿಕ್ಕವರು ತಮ್ಮದೇ ವಯಸ್ಸಿನ ಹುಡುಗರಲ್ಲ. ವರ್ಷಗಟ್ಟಲೆ ಲೀಗ್ ಆಡಿ ಪಳಗಿದ, ರೆಫರಿಯ ಕಣ್ಣು ತಪ್ಪಿಸಿ ಅಂಗಿ ಹಿಡಿಯುವ ಕಲೆಯನ್ನೂ ಬಲ್ಲ ದೊಡ್ಡವರು. ಅಂಥ ಲೀಗನ್ನು ಈ ತಂಡ 2018-19ರಲ್ಲಿ ಗೆದ್ದಿತು. 2019ರ ಏಪ್ರಿಲ್‌ನಲ್ಲಿ ಮೊದಲ ತಂಡ ಭುವನೇಶ್ವರದಲ್ಲಿ ಚೆನ್ನೈಯಿನ್ ತಂಡವನ್ನು 2-1ರಿಂದ ಸೋಲಿಸಿ ಸೂಪರ್ ಕಪ್ ಎತ್ತಿದ್ದನ್ನು ಎಲ್ಲರೂ ನೆನಪಿಟ್ಟುಕೊಂಡರು. ನನ್ನ ಮಟ್ಟಿಗೆ ಎಳೆಯರ ಲೀಗ್ ಗೆಲುವು ಅದಕ್ಕಿಂತ ಸಣ್ಣದಲ್ಲ.

ಇನ್ನು ಪಂದ್ಯದ ಅನುಭವ. ಮಾಪುಸಾದ ದುಲೇರ್ ಕ್ರೀಡಾಂಗಣವಾಗಲಿ, ಬಾಣಾವಲಿ ಅಥವಾ ನಾಗೋವಾದ ಮೈದಾನವಾಗಲಿ, ಪ್ರೇಕ್ಷಕನಿಗೂ ಗೆರೆಗೂ ನಡುವೆ ಹೆಚ್ಚು ಅಂತರವಿರುವುದಿಲ್ಲ. ಫಟೋರ್ಡಾದ ಮೇಲಿನ ಸಾಲಿನಲ್ಲಿ ಕುಳಿತವನಿಗೆ ಕಾಣುವುದು ತಂಡದ ಆಕಾರ. ಇಲ್ಲಿ ಕಾಣುವುದು ಆಟಗಾರನ ಕಾಲು, ಕತ್ತು, ಕಣ್ಣು. ನಾನು ನೋಡಿದ ಒಂದು ಪಂದ್ಯದಲ್ಲಿ ಹದಿನೆಂಟು ದಾಟಿರದಂತೆ ಕಾಣುತ್ತಿದ್ದ ರೈಟ್ ಬ್ಯಾಕ್ (ಬಲಬದಿಯ ರಕ್ಷಣಾ ಆಟಗಾರ) ಒಬ್ಬನ ಮೇಲೆ ಎದುರಾಳಿಯ ಅನುಭವಿ ವಿಂಗರ್ (ಬದಿಯಿಂದ ದಾಳಿ ಮಾಡುವ ಆಟಗಾರ) ಮೊದಲ ಅರ್ಧದುದ್ದಕ್ಕೂ ಸವಾರಿ ಮಾಡಿದ. ಪ್ರತಿ ಸಲವೂ ಒಂದೇ ತಂತ್ರ: ಚೆಂಡು ಬರುವ ಮೊದಲು ಭುಜದಿಂದ ಮೆಲ್ಲಗೆ ತಾಗಿಸಿ ಹುಡುಗನ ಸಮತೋಲ ಕೆಡಿಸುವುದು, ಆಮೇಲೆ ಗೆರೆಯ ಗುಂಟ ಓಡುವುದು. ವಿರಾಮದ ನಂತರ ಹುಡುಗ ಒಂದು ಹೆಜ್ಜೆ ಹಿಂದೆ ನಿಂತ. ವಿಂಗರ್ ತಾಗಿಸಲು ಹೋದಾಗ ಅಲ್ಲಿ ಭುಜವೇ ಇರಲಿಲ್ಲ. ಅವನೇ ಎಡವಿದ, ಚೆಂಡು ಹುಡುಗನ ಪಾಲಾಯಿತು. ಬದಿಯಲ್ಲಿದ್ದ ತರಬೇತುದಾರರು ಕೊಂಕಣಿಯಲ್ಲಿ ಅವನ ಹೆಸರು ಹಿಡಿದು ಕೂಗಿ, ಎರಡೂ ಕೈಯಿಂದ ಇನ್ನೂ ಹಿಂದೆ ನಿಲ್ಲಬೇಡ ಎಂದು ಸನ್ನೆ ಮಾಡಿದರು. ಪಾಠ ಹೇಳಿದ್ದು, ಕಲಿತದ್ದು, ಅದಕ್ಕೊಂದು ತಿದ್ದುಪಡಿ ಸಿಕ್ಕಿದ್ದು, ಎಲ್ಲವೂ ಕಣ್ಣೆದುರೇ ನಡೆಯಿತು. ಅವರ ಮಾತು ಕಾರವಾರದ ಕಿವಿಗೆ ಅನುವಾದವಿಲ್ಲದೆ ಅರ್ಥವಾಗುತ್ತದೆ ಎಂಬುದು ನಮಗೆ ಸಿಗುವ ಹೆಚ್ಚುವರಿ ಲಾಭ.

ಆಟದ ಶೈಲಿಯ ಬಗ್ಗೆಯೂ ಹೇಳಬೇಕು. ಸ್ಪೇನಿನ ಸೆರ್ಜಿಯೊ ಲೊಬೆರಾ 2017ರಲ್ಲಿ ಬಂದ ಮೇಲೆ ಮೊದಲ ತಂಡ ಹಿಂಬದಿಯಿಂದಲೇ ಪಾಸು ಕಟ್ಟುತ್ತ ಮುನ್ನಡೆಯುವ ಆಟಕ್ಕೆ ಹೆಸರಾಯಿತು. ಅದರ ಗುರುತು ಎರಡನೇ ತಂಡದಲ್ಲೂ ಇದೆ. ಗೋಲಿ ಚೆಂಡನ್ನು ದೂರ ಒದೆಯುವುದಕ್ಕಿಂತ ಪಕ್ಕದವನಿಗೆ ಕೊಡುವುದನ್ನೇ ಮೊದಲು ಯೋಚಿಸುತ್ತಾನೆ. ಇದರಿಂದ ಕೆಲವೊಮ್ಮೆ ಪುಕ್ಕಟೆ ಗೋಲುಗಳೂ ಹೋಗುತ್ತವೆ, ಗ್ಯಾಲರಿಯಿಂದ ಬೈಗುಳವೂ ಬರುತ್ತದೆ. ಆದರೂ ಹುಡುಗರು ಬಿಡುವುದಿಲ್ಲ. ಬಿಡಬಾರದು ಎಂದೇ ಅವರಿಗೆ ಹೇಳಿಕೊಟ್ಟಿರುವುದು ಸ್ಪಷ್ಟ.

ಬೆಂಗಳೂರು ಎಫ್‌ಸಿಯ ರಿಸರ್ವ್ ತಂಡದೊಂದಿಗೆ ಹೋಲಿಸದೆ ಈ ವಿಮರ್ಶೆ ಪೂರ್ತಿಯಾಗದು. ಅದೂ ನಮ್ಮ ರಾಜ್ಯದ್ದೇ ತಂಡ. ಫಲಿತಾಂಶವನ್ನಷ್ಟೇ ನೋಡಿದರೆ ಅದೇ ಮುಂದಿದೆ. 2022ರಲ್ಲಿ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಮೊದಲ ಬಾರಿಗೆ ನಡೆದದ್ದು ಗೋವಾದಲ್ಲೇ, ಬಾಣಾವಲಿ ಮತ್ತು ನಾಗೋವಾದಲ್ಲಿ, ಎಂಟು ತಂಡಗಳ ನಡುವೆ. ಅದನ್ನು ಗೆದ್ದವರು ಬೆಂಗಳೂರಿನ ಹುಡುಗರು. ಅದರ ಬಲದಿಂದ ಅವರು ಕೇರಳ ಬ್ಲಾಸ್ಟರ್ಸ್ ಜೊತೆ ಇಂಗ್ಲೆಂಡಿಗೆ ಹೋಗಿ ಅಲ್ಲಿನ ಕ್ಲಬ್ಬುಗಳ ಯುವ ತಂಡಗಳೆದುರು ಆಡಿ ಬಂದರು. 2023ರಲ್ಲಿ ಲೀಗನ್ನು ಮತ್ತೆ ಗೆದ್ದರು. ಅದಕ್ಕೂ ಮೊದಲು, 2021ರ ಡ್ಯುರಾಂಡ್ ಕಪ್ ಸೆಮಿಫೈನಲ್‌ನಲ್ಲಿ ನೌಷಾದ್ ಮೂಸಾ ಅವರ ಮಾರ್ಗದರ್ಶನದಲ್ಲಿ ಬಹುಪಾಲು ಎಳೆಯರೇ ತುಂಬಿದ್ದ ಬೆಂಗಳೂರು ತಂಡ, ಎಫ್‌ಸಿ ಗೋವಾದ ಮೊದಲ ತಂಡವನ್ನು 2-2ರಲ್ಲಿ ಕಟ್ಟಿಹಾಕಿ ಪೆನಾಲ್ಟಿ ಶೂಟೌಟ್‌ನಲ್ಲಷ್ಟೇ ಸೋತಿತ್ತು. ಗೋವಾ ಆ ಕಪ್ಪನ್ನು ಗೆದ್ದಿತು, ನಿಜ. ಆದರೆ ಅಂದು ಆಡಿದ ಶಿವಶಕ್ತಿ ನಾರಾಯಣನ್ 2022-23ರಲ್ಲಿ ಸೂಪರ್ ಲೀಗಿನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಅದರ ಹಿಂದಿನ ಋತುವಿನಲ್ಲಿ ಆ ಪ್ರಶಸ್ತಿ ಬಂದದ್ದು ಬೆಂಗಳೂರು ತಂಡದವರೇ ಆದ ರೋಷನ್ ಸಿಂಗ್ ಅವರಿಗೆ. ಮೇಲಿನ ತಂಡದ ಬಾಗಿಲನ್ನು ಹುಡುಗರಿಗೆ ತೆರೆದಿಡುವುದರಲ್ಲಿ ಬೆಂಗಳೂರು ತೋರಿಸಿದ ಧೈರ್ಯವನ್ನು ಮೆಚ್ಚಲೇಬೇಕು.

ಗೋವಾದ ವ್ಯವಸ್ಥೆಯ ದೊಡ್ಡ ಕೊರತೆಯೂ ಆ ಬಾಗಿಲಿನದೇ. ಲಿಸ್ಟನ್ ಕೊಲಾಸೊ ಅವರ ಉದಾಹರಣೆ ಸಾಕು. ಸಾಲ್ಗಾಂವ್ಕರ್‌ನಿಂದ ಎಫ್‌ಸಿ ಗೋವಾಕ್ಕೆ ಬಂದು ರಿಸರ್ವ್ ತಂಡದಲ್ಲಿ ಆಡಿದ ಈ ವಿಂಗರ್‌ಗೆ ಮೊದಲ ತಂಡದಲ್ಲಿ ಸಿಕ್ಕ ಅವಕಾಶ ಬಹಳ ಕಡಿಮೆ. 2020ರ ಆರಂಭದಲ್ಲಿ ಹೈದರಾಬಾದಿಗೆ ಹೋಗಿ, ಮರುವರ್ಷ ರಾಷ್ಟ್ರೀಯ ತಂಡದ ಅಂಗಿಯನ್ನೂ ತೊಟ್ಟು, ಕೋಲ್ಕತ್ತದ ಮೋಹನ್ ಬಾಗಾನ್ ಪಾಲಾದರು. ತನ್ನ ಮಣ್ಣಿನ ಹುಡುಗ ಬೇರೆಯವರ ಅಂಗಿಯಲ್ಲಿ ಗೋಲು ಹೊಡೆಯುವುದನ್ನು ಗೋವಾದ ಅಭಿಮಾನಿಗಳು ನೋಡಬೇಕಾಯಿತು. ಎಳೆಯರನ್ನು ತಯಾರಿಸುವುದು ಅರ್ಧ ಕೆಲಸ. ಅವರಿಗಾಗಿ ಒಂದು ಜಾಗ ಖಾಲಿ ಇಡುವುದು ಉಳಿದರ್ಧ. ಸೇವಿಯರ್ ಗಾಮಾ, ಲಿಯಾಂಡರ್ ಡಿಕುನ್ಹಾ, ಪ್ರಿನ್ಸ್‌ಟನ್ ರೆಬೆಲ್ಲೊ, ಗೋಲಿ ಹೃತಿಕ್ ತಿವಾರಿ ಅವರು ಈ ದಾರಿಯಿಂದಲೇ ಮೇಲೆ ಬಂದರು ಎಂಬುದನ್ನೂ ಮರೆಯಬಾರದು. ಇತ್ತೀಚಿನ ಬ್ರೈಸನ್ ಫರ್ನಾಂಡಿಸ್ 2024-25ರಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದದ್ದು ಬಾಗಿಲು ಮೊದಲಿಗಿಂತ ಅಗಲವಾಗಿದೆ ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಮಡಗಾಂವ್ ಆಸುಪಾಸಿನ ಮೈದಾನಗಳಲ್ಲಿ ಪಂದ್ಯವಿದ್ದರೆ ಬೆಳಗಿನ ರೈಲಿಗೆ ಹೋಗಿ ರಾತ್ರಿಯೊಳಗೆ ಮರಳಬಹುದು. ಮಾಪುಸಾದಲ್ಲಿದ್ದರೆ ಪಣಜಿ ದಾಟಿ ಹೋಗಬೇಕಾದ್ದರಿಂದ ಸ್ವಂತ ವಾಹನವೇ ಅನುಕೂಲ. ಸಣ್ಣ ಮೈದಾನಗಳ ಪಂದ್ಯಗಳಲ್ಲಿ ಜಾಗ, ಸಮಯ ಕೊನೆಯ ಗಳಿಗೆಯಲ್ಲಿ ಬದಲಾಗುವುದುಂಟು. ಹೊರಡುವ ದಿನ ಬೆಳಗ್ಗೆ ಮತ್ತೊಮ್ಮೆ ವಿಚಾರಿಸುವುದು ಒಳ್ಳೆಯದು. ನೆರಳಿನ ಆಸನ ಎಲ್ಲ ಕಡೆಯೂ ಇರುವುದಿಲ್ಲ, ಮಧ್ಯಾಹ್ನದ ಬಿಸಿಲು ನಮ್ಮೂರಿನದೇ ಬಿಸಿಲು. ಟೋಪಿ, ನೀರು ಜೊತೆಗಿರಲಿ. ಆಟಗಾರರ ಹೆಸರು ಗೊತ್ತಾಗುವುದು ಕಷ್ಟವಾದ್ದರಿಂದ ಆರಂಭದ ಹನ್ನೊಂದು ಮಂದಿಯ ಪಟ್ಟಿಯನ್ನು ಫೋನಿನಲ್ಲಿ ಉಳಿಸಿಕೊಂಡರೆ ಪಂದ್ಯ ಬೇರೆಯೇ ರುಚಿ ಕೊಡುತ್ತದೆ.

ಮಾಲಾದೇವಿ ಮೈದಾನದಲ್ಲಿ ಸಂಜೆ ಹುಡುಗರಿಗೆ ಆಟ ಕಲಿಸುವ ಹಿರಿಯರಲ್ಲಿ ನನ್ನ ವಿನಂತಿ ಒಂದೇ: ಮುಂದಿನ ಸಲ ಮಕ್ಕಳನ್ನು ಗೋವಾಕ್ಕೆ ಕರೆದೊಯ್ಯುವಾಗ ದೀಪಗಳ ಬೆಳಕಿನ ಫಟೋರ್ಡಾ ಪಂದ್ಯಕ್ಕಿಂತ ಎರಡನೇ ತಂಡವು ಡೆಂಪೊ ಅಥವಾ ಸಾಲ್ಗಾಂವ್ಕರ್ ಎದುರು ಆಡುವ ಪಂದ್ಯವನ್ನು ಆರಿಸಿಕೊಳ್ಳಿ. ಅರ್ಧ ಗಂಟೆ ಮೊದಲೇ ತಲುಪಿ ಅಭ್ಯಾಸವನ್ನೂ ತೋರಿಸಿ, ಮತ್ತು ರಕ್ಷಣಾ ಆಟಗಾರರಾಗಬಯಸುವ ಮಕ್ಕಳನ್ನು ಗೋಲಿನ ಹಿಂದೆ ಅಲ್ಲ, ಗೆರೆಯ ಪಕ್ಕ, ರೈಟ್ ಬ್ಯಾಕ್ ನಿಲ್ಲುವ ಜಾಗಕ್ಕೆ ನೇರವಾಗಿ ಕೂರಿಸಿ.